ಕೊಡುವೋ? ಕೋಡೋ? – ಕನ್ನಡ ಕೀಲಿಮಣೆಯ ಕಥೆ

ಕಳೆದ ಶ್ರಾವಣದ ಒಂದು ಭಾನುವಾರ. ಪಾಂಡೇಸರಾದ ಸದಸ್ಯರೊಬ್ಬರ ಮನೆಯಲ್ಲಿ ಪತ್ರಿಕಾ ಸಮಿತಿಯ ಸಭೆ ಸೇರಿತ್ತು. ಹೊರಗೆ ಜಿಟಿಜಿಟಿ ಮಳೆ, ಒಳಗೆ ಬಿಸಿ ಅವಲಕ್ಕಿ ಉಪ್ಪಿಟ್ಟು. ಸಭೆಯ ವಿಷಯ ಹೇಳಿಕೊಳ್ಳುವಷ್ಟು ದೊಡ್ಡದೇನೂ ಆಗಿರಲಿಲ್ಲ. ಮಕ್ಕಳ ಭಾನುವಾರದ ಕನ್ನಡ ತರಗತಿಗೆ ನಾಲ್ಕು ಕೀಲಿಮಣೆಗಳನ್ನು ಕೊಳ್ಳಬೇಕು, ಯಾವುದನ್ನು ಕೊಳ್ಳೋಣ ಎಂಬಷ್ಟೇ ಪ್ರಶ್ನೆ. ಕಾಲು ಗಂಟೆಯಲ್ಲಿ ಮುಗಿಯಬೇಕಾದ ಮಾತು ಮಧ್ಯಾಹ್ನದ ಊಟದ ಹೊತ್ತನ್ನೂ ದಾಟಿತು. ಹಾಗೇಕಾಯಿತು ಎಂಬುದನ್ನು ಓದುಗ ಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೇಜಿನ ಮೇಲೆ ಎರಡು ಸಣ್ಣ ಕೀಲಿಮಣೆಗಳಿದ್ದವು. ಒಂದನ್ನು ಇಂಗ್ಲೆಂಡಿನ ಲೆಸ್ಟರಿನಲ್ಲಿ ನೆಲೆಸಿರುವ ಸದಸ್ಯರ ಮಗಳು ತಂದುಕೊಟ್ಟಿದ್ದಳು. ಇನ್ನೊಂದು ಅಮೆರಿಕದಿಂದ ಬಂದ ಅಳಿಯನ ಕೊಡುಗೆ. ಕಚೇರಿಗಳಲ್ಲಿ ಕಾಣುವ ಮಾರುದ್ದದ ಹಲಗೆಗಳಲ್ಲ ಇವು. ಬಲಗಡೆಯ ಅಂಕಿಗಳ ಗುಂಪಿಲ್ಲ, ಬಾಣದ ಗುರುತುಗಳಿಲ್ಲ, ಮೇಲಿನ ಒಂದು ಸಾಲು ಪೂರ್ತಿಯಾಗಿಯೇ ಇಲ್ಲ. ಪಂಚಾಂಗದ ಪುಸ್ತಕವನ್ನು ಅಡ್ಡಲಾಗಿ ಇಟ್ಟಷ್ಟೇ ಜಾಗ ಸಾಕು. ಸೀರೆಗಳ ವಿನ್ಯಾಸವನ್ನು ಕಂಪ್ಯೂಟರಿನಲ್ಲಿ ಬಿಡಿಸುವ ಕೆಲಸದಲ್ಲಿರುವ ನಮ್ಮ ಸಂಘದ ತರುಣರೊಬ್ಬರಿಗೆ ಇಂಥವುಗಳ ಹುಚ್ಚು. ಕೈಯನ್ನು ಅತ್ತಿತ್ತ ಸರಿಸದೆಯೇ ಎಲ್ಲ ಕೆಲಸವೂ ನಡೆಯುತ್ತದೆ ಎಂದು ಅವರ ವಾದ. ನಮಗೆ ಒಪ್ಪಿಗೆಯಾದ ಕಾರಣ ಬೇರೆ. ಸಂಘಕ್ಕೆ ಸ್ವಂತ ಕಟ್ಟಡವಿಲ್ಲ. ಒಂದು ವಾರ ಪಾಂಡೇಸರಾ, ಮರುವಾರ ಉಧನಾ. ಚೀಲದಲ್ಲಿ ಹಾಕಿಕೊಂಡು ಮನೆಯಿಂದ ಮನೆಗೆ ಒಯ್ಯುವ ಸಾಮಾನು ಸಣ್ಣದಿದ್ದಷ್ಟೂ ಒಳ್ಳೆಯದು.

ನೋಡಲು ಎರಡೂ ಒಂದೇ ತೆರ. ಹತ್ತಿರದಿಂದ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಅಮೆರಿಕದ ಮಾದರಿಯಲ್ಲಿ 61 ಕೀಲಿಗಳು. ಎಂಟರ್ ಕೀಲಿ ಅಡ್ಡಕ್ಕೆ ಮಲಗಿದೆ, ಎಡಗಡೆಯ ಷಿಫ್ಟ್ ಉದ್ದವಾಗಿದೆ. ಬ್ರಿಟನ್ನಿನ ಮಾದರಿಯಲ್ಲಿ 62. ಎಂಟರ್ ಎರಡು ಸಾಲುಗಳ ಎತ್ತರಕ್ಕೆ ನಿಂತಿದೆ, ಎಡ ಷಿಫ್ಟನ್ನು ಮೊಟಕುಗೊಳಿಸಿ ಅದರ ಪಕ್ಕಕ್ಕೆ ಇನ್ನೊಂದು ಕೀಲಿಯನ್ನು ತುರುಕಿದ್ದಾರೆ. ಎರಡರ ಇಂಗ್ಲಿಷ್ ಅಕ್ಷರಗಳೂ ಒಂದೇ ಕಡೆ ಇವೆ. ಹಾಗಿದ್ದಮೇಲೆ ಕನ್ನಡಕ್ಕೆ ಯಾವುದಾದರೇನು ಎಂದು ನಾವೂ ಮೊದಲಿಗೆ ಅಂದುಕೊಂಡೆವು.

ಈ ಭೇದಗಳು ಹುಟ್ಟಿದ್ದು ಹೇಗೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಅಮೆರಿಕದ ಮಿಲ್ವಾಕಿ ನಗರದ ಕ್ರಿಸ್ಟೋಫರ್ ಷೋಲ್ಸ್ ಎಂಬುವರು ಗೆಳೆಯರೊಡನೆ ಕೂಡಿ 1868ರಲ್ಲಿ ಬೆರಳಚ್ಚು ಯಂತ್ರಕ್ಕೆ ಹಕ್ಕುಪತ್ರ ಪಡೆದರು. ಬಂದೂಕು ತಯಾರಿಸುತ್ತಿದ್ದ ರೆಮಿಂಗ್ಟನ್ ಕಂಪನಿಯವರು ಅದನ್ನು 1874ರಲ್ಲಿ ಮಾರುಕಟ್ಟೆಗೆ ತಂದರು. ‘ಕ್ಯೂ, ಡಬ್ಲ್ಯೂ, ಇ, ಆರ್, ಟಿ, ವೈ’ ಎಂದು ಇಂದಿಗೂ ನಮ್ಮ ಬೆರಳ ಕೆಳಗಿರುವ ಸಾಲು ಆ ಯಂತ್ರದ ವಂಶದ್ದೇ. ಅಕ್ಷರಗಳನ್ನು ಹಾಗೇಕೆ ಜೋಡಿಸಿದರು ಎಂಬ ಬಗ್ಗೆ ಪಂಡಿತರಲ್ಲಿ ಇನ್ನೂ ಒಮ್ಮತವಿಲ್ಲ. ಆದರೆ ಒಮ್ಮೆ ಬೆರಳಿಗೆ ಅಭ್ಯಾಸವಾದದ್ದನ್ನು ಕೀಳುವುದು ಕಷ್ಟವೆಂಬುದನ್ನು ಮಾತ್ರ ಎಲ್ಲರೂ ಒಪ್ಪುತ್ತಾರೆ. ಫ್ರೆಂಚರು ಕೆಲವು ಅಕ್ಷರಗಳನ್ನು ತಮ್ಮ ಭಾಷೆಗೆ ತಕ್ಕಂತೆ ಸ್ಥಳ ಬದಲಿಸಿಕೊಂಡರು. ಜರ್ಮನರು ‘ವೈ’ ಇದ್ದ ಕಡೆ ‘ಜೆಡ್’ ಇಟ್ಟರು. ಯೂರೋಪಿನ ಭಾಷೆಗಳಿಗೆ ಹೆಚ್ಚಿನ ಗುರುತುಗಳು ಬೇಕಾದುದರಿಂದ ಅಲ್ಲಿನ ಹಲಗೆಗೆ ಒಂದು ಕೀಲಿ ಹೆಚ್ಚಾಯಿತು. ಷಿಫ್ಟಿನ ಪಕ್ಕದಲ್ಲಿ ತುರುಕಿದ ಕೀಲಿಯ ಕಥೆ ಇದು.

ಪುಟ್ಟ ಹಲಗೆಗಳ ಚರಿತ್ರೆಯಲ್ಲಿ ಜಪಾನಿನ ಹೆಸರು ಮುಖ್ಯವಾದುದು. ಟೋಕಿಯೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ವಾಡಾ ಎಂಬ ಗಣಕ ವಿಜ್ಞಾನಿಯ ಆಲೋಚನೆಯಂತೆ 1996ರಲ್ಲಿ ಅಲ್ಲಿ 60 ಕೀಲಿಗಳ ಒಂದು ಹಲಗೆ ಹೊರಬಂತು. ಅದರ ಸಮರ್ಥನೆಗೆ ವಾಡಾ ಅವರು ಕೊಟ್ಟ ಉಪಮೆ ಸೊಗಸಾದುದು. ಅಮೆರಿಕದ ಬಯಲಿನಲ್ಲಿ ದನಗಾಹಿಯ ಕುದುರೆ ಸತ್ತರೆ ಅವನು ಕುದುರೆಯನ್ನು ಅಲ್ಲಿಯೇ ಬಿಟ್ಟು ಜೀನನ್ನು ಮಾತ್ರ ಹೊತ್ತು ನಡೆಯುತ್ತಿದ್ದನಂತೆ. ಕುದುರೆ ಬೇರೆ ಸಿಕ್ಕೀತು, ಮೈಗೆ ಒಗ್ಗಿದ ಜೀನು ಸಿಗದು. ಕಂಪ್ಯೂಟರು ಕುದುರೆ, ಕೀಲಿಮಣೆ ಜೀನು. ಆ ಹಲಗೆಯೂ ಮುಂದೆ ಎರಡು ರೂಪದಲ್ಲಿ ಮಾರಾಟವಾಯಿತು: ಅಮೆರಿಕದ ಜೋಡಣೆಯದು 60 ಕೀಲಿ, ಜಪಾನೀ ಜೋಡಣೆಯದು 69. ತಮ್ಮ ಭಾಷೆಗೆಂದು ಜಪಾನಿಗರು ಸ್ಪೇಸ್ ಪಟ್ಟಿಯನ್ನೇ ಕಿರಿದು ಮಾಡಿ ಅಕ್ಕಪಕ್ಕ ಕೀಲಿಗಳನ್ನು ಸೇರಿಸಿಕೊಂಡರು.

ಊರು ಬಿಟ್ಟು ಬಂದ ನಮಗೆ ಈ ಜೀನಿನ ಮಾತು ಬೇಗ ಅರ್ಥವಾಗುತ್ತದೆ. ಮನೆ, ಹೊಲ, ಬಾವಿ ಅಲ್ಲಿಯೇ ಉಳಿದವು. ಹೊತ್ತು ತಂದದ್ದು ನಾಲಿಗೆಯ ಮೇಲಿನ ಮಾತು ಒಂದನ್ನೇ. ಆ ಮಾತಿಗೆ ಒಗ್ಗುವ ಹಲಗೆ ಯಾವುದು? ಸಭೆಯಲ್ಲಿ ಚರ್ಚೆ ಕಾವೇರಿದ್ದು ಇಲ್ಲಿಯೇ. ಇಂಗ್ಲಿಷಿನ ಜೋಡಣೆ ಎರಡು ಬಗೆಯಾದರೆ ಕನ್ನಡದ್ದು ನಾಲ್ಕು ಬಗೆ. ಒಂದೊಂದಕ್ಕೂ ಸಭೆಯಲ್ಲಿ ಒಬ್ಬೊಬ್ಬ ವಕೀಲರಿದ್ದರು.

ಮೊದಲು ಮಾತಾಡಿದವರು ಹುಬ್ಬಳ್ಳಿಯಲ್ಲಿ ಕನ್ನಡ ಬೆರಳಚ್ಚು ಕಲಿತು ಬಂದ ನಮ್ಮ ಹಿರಿಯರು. ಕನ್ನಡಕ್ಕೆ ಬೆರಳಚ್ಚು ಯಂತ್ರದ ಕೀಲಿಮಣೆಯನ್ನು ರೂಪಿಸಿಕೊಟ್ಟ ಅನಂತ ಸುಬ್ಬರಾಯರ ಹೆಸರನ್ನು ಅವರು ಇಂದಿಗೂ ಕೈಮುಗಿದೇ ಹೇಳುತ್ತಾರೆ. ಆ ಕಾಲದ ಕಷ್ಟವನ್ನು ನೆನೆದರೆ ಅದು ಉತ್ಪ್ರೇಕ್ಷೆಯಲ್ಲ. ಇಂಗ್ಲಿಷಿಗೆ 26 ಅಕ್ಷರ. ನಮಗೆ 13 ಸ್ವರ, 2 ಯೋಗವಾಹ, 34 ವ್ಯಂಜನ, ಒಟ್ಟು 49. ಅದಲ್ಲದೆ ಪ್ರತಿಯೊಂದು ವ್ಯಂಜನಕ್ಕೂ ಕಾಗುಣಿತ, ಪ್ರತಿಯೊಂದಕ್ಕೂ ಒತ್ತಕ್ಷರ. ಇಂಗ್ಲಿಷಿಗೆಂದು ಮಾಡಿದ ಯಂತ್ರದ ಬೆರಳೆಣಿಕೆಯ ಕೀಲಿಗಳಲ್ಲಿ ಇಷ್ಟನ್ನೂ ಅಡಗಿಸಬೇಕಾಗಿತ್ತು. ಆದ್ದರಿಂದ ಅಕ್ಷರಗಳನ್ನೇ ಬಿಡಿಸಿ ತುಂಡು ಮಾಡಿದರು. ಅಕ್ಷರದ ಮೈಯನ್ನು ಒಂದು ಕೀಲಿಯಿಂದ ಒತ್ತಿ, ತಲೆಕಟ್ಟು, ಗುಡಿಸು, ಕೊಂಬು, ಒತ್ತುಗಳನ್ನು ಬೇರೆ ಕೀಲಿಗಳಿಂದ ಅದಕ್ಕೆ ಅಂಟಿಸುವುದು. ಬರೆಯುವವನು ಬರೆಯುವುದಲ್ಲ, ಕಟ್ಟುವುದು. ಗೋದ್ರೆಜ್ ಕಂಪನಿಯವರು 1955ರಲ್ಲಿ ಸ್ವದೇಶಿ ಬೆರಳಚ್ಚು ಯಂತ್ರವನ್ನು ತಯಾರಿಸಿದರು. 1963ರಲ್ಲಿ ರಾಜಭಾಷಾ ಅಧಿನಿಯಮ ಬಂತು. ಕಚೇರಿಗಳಲ್ಲಿ ಕನ್ನಡದ ಟಕಟಕ ಸದ್ದು ಕೇಳುವಂತಾಯಿತು. ಎಷ್ಟೋ ಕುಟುಂಬಗಳು ಆ ಸದ್ದಿನಿಂದ ಅನ್ನ ಕಂಡವು.

ಆದರೆ ಆ ಜೋಡಣೆ ಲೋಹದ ಕಡ್ಡಿಗಳಿಗಾಗಿ ಮಾಡಿದ್ದು. ಕಂಪ್ಯೂಟರಿಗೆ ಅಕ್ಷರವನ್ನು ತುಂಡು ತುಂಡಾಗಿ ಕೊಡಬೇಕಾಗಿಲ್ಲ. ಕಕಾರ, ಉಕಾರ ಎಂದು ಹೇಳಿದರೆ ಸಾಕು, ಕೊಂಬನ್ನು ಎಲ್ಲಿ ಹಚ್ಚಬೇಕೆಂದು ಅದೇ ನೋಡಿಕೊಳ್ಳುತ್ತದೆ. ಈ ಮಾತನ್ನು ಹಿರಿಯರು ತಾವಾಗಿಯೇ ಒಪ್ಪಿದರು. ‘ನನ್ನ ಬೆರಳಿಗೆ ಅದೇ ಇರಲಿ, ಮಕ್ಕಳಿಗೆ ಬೇಡ’ ಎಂದು ನಕ್ಕರು. ಆ ನಗೆಯಲ್ಲಿ ಸ್ವಲ್ಪ ನೋವೂ ಇತ್ತು.

ಎರಡನೆಯದು ಇನ್‌ಸ್ಕ್ರಿಪ್ಟ್. ಭಾರತ ಸರಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ 1986ರಲ್ಲಿ ಇದನ್ನು ಶಿಷ್ಟ ಮಾದರಿಯೆಂದು ಗೊತ್ತುಪಡಿಸಿತು. 1991ರಲ್ಲಿ ಭಾರತೀಯ ಮಾನಕ ಸಂಸ್ಥೆಯ ಮುದ್ರೆಯೂ ಬಿತ್ತು. ಇದರ ಹಿಂದಿರುವ ವಿಚಾರ ನಿಜಕ್ಕೂ ಘನವಾದುದು. ಬ್ರಾಹ್ಮಿಯಿಂದ ಹುಟ್ಟಿದ ನಮ್ಮ ಲಿಪಿಗಳೆಲ್ಲ ಅಕ್ಕತಂಗಿಯರು. ರೂಪ ಬೇರೆಯಾದರೂ ವರ್ಣಮಾಲೆಯ ಕ್ರಮ ಒಂದೇ. ಆದ್ದರಿಂದ ಕಕಾರ ಹಿಂದಿಯಲ್ಲಿ ಯಾವ ಕೀಲಿಯೋ ಗುಜರಾತಿಯಲ್ಲೂ ಅದೇ, ಕನ್ನಡದಲ್ಲೂ ಅದೇ. ಸ್ವರಗಳು ಎಡಗೈಗೆ, ವ್ಯಂಜನಗಳು ಬಲಗೈಗೆ ಎಂಬುದು ಅದರ ಸ್ಥೂಲವಾದ ಹಂಚಿಕೆ. ಅಲ್ಪಪ್ರಾಣ ಕೆಳಗೆ, ಮಹಾಪ್ರಾಣ ಷಿಫ್ಟಿನ ಮೇಲೆ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಾಗ ಕನ್ನಡದ ಜೊತೆ ಈ ಜೋಡಣೆಯೂ ಬಂತು. ಅಂದಿನಿಂದ ಬೇರೆ ಯಾವ ತಂತ್ರಾಂಶವನ್ನೂ ಹಾಕದೆ ಸಿಗುವ ಕನ್ನಡ ಎಂದರೆ ಇದೇ ಎಂಬಂತಾಯಿತು.

ಇದರ ಶಕ್ತಿಯನ್ನು ಅಂದು ನಾವು ಕಣ್ಣಾರೆ ಕಂಡೆವು. ಆ ಮನೆಯ ಮೊಮ್ಮಗಳು ಗುಜರಾತಿ ಮಾಧ್ಯಮದಲ್ಲಿ ಓದುತ್ತಾಳೆ. ರಜೆಯಲ್ಲಿ ಗುಜರಾತಿ ಟೈಪಿಂಗ್ ಕಲಿತಿದ್ದಾಳೆ. ಮನೆಯಲ್ಲಿ ಕನ್ನಡ ಆಡುತ್ತಾಳೆ, ಆದರೆ ಕನ್ನಡ ಅಕ್ಷರ ಅವಳಿಗೆ ಅಷ್ಟಕ್ಕಷ್ಟೆ. ತರುಣರು ಕಂಪ್ಯೂಟರಿಗೆ ಸಣ್ಣ ಹಲಗೆಯನ್ನು ಜೋಡಿಸಿ, ಭಾಷೆಯನ್ನು ಕನ್ನಡಕ್ಕೆ ಬದಲಿಸಿ, ‘ಗುಜರಾತಿಯಲ್ಲಿ ಕಮಲ ಎಂದು ಹೇಗೆ ಹೊಡೆಯುತ್ತೀಯೋ ಹಾಗೆಯೇ ಹೊಡಿ’ ಎಂದರು. ಅವಳು ‘ಕೆ’, ‘ಸಿ’, ‘ಎನ್’ ಎಂಬ ಮೂರು ಕೀಲಿಗಳನ್ನು ಒತ್ತಿದಳು. ಪರದೆಯ ಮೇಲೆ ‘ಕಮಲ’ ಎಂದು ಕನ್ನಡದಲ್ಲಿ ಮೂಡಿತು. ಕಣ್ಣಿಗೆ ಬಾರದ ಅಕ್ಷರ ಬೆರಳಿಗೆ ಬಂದಿತ್ತು! ಕೂತವರೆಲ್ಲ ಚಪ್ಪಾಳೆ ತಟ್ಟಿದರು. ಗುಜರಾತಿನಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಇದಕ್ಕಿಂತ ಇನ್ನೇನು ಬೇಕು ಎಂದು ಸಭೆ ಅಲ್ಲಿಗೇ ತೀರ್ಮಾನಕ್ಕೆ ಬರುವುದರಲ್ಲಿತ್ತು.

ಆಗ ಅಜ್ಜಿ ಅಡುಗೆಮನೆಯ ಬಾಗಿಲಿನಿಂದಲೇ, ‘ನೀರು ಕೊಡು ಅಂತ ಹೊಡಿ ಮಗಾ, ನೋಡೋಣ’ ಅಂದರು. ಹುಡುಗಿ ಹೊಡೆದಳು. ಅಜ್ಜಿ ಕನ್ನಡಕ ಏರಿಸಿ ಓದಿದರು: ‘ನೀರು ಕೋಡು’. ‘ಅಯ್ಯೋ, ನೀರಿಗೆ ಕೋಡು ಬಂತಲ್ಲೇ!’ ಎಂದು ಅವರು ನಕ್ಕಿದ್ದೇ ನಕ್ಕಿದ್ದು. ನಾವೂ ನಕ್ಕೆವು. ಹುಡುಗಿಗೆ ಮಾತ್ರ ತಪ್ಪೇನೆಂದು ತಿಳಿಯಲಿಲ್ಲ. ಆ ಮುಖವನ್ನು ನೋಡಿದಮೇಲೆ ನಮ್ಮ ನಗು ನಿಂತಿತು.

ತಪ್ಪು ಅವಳದಲ್ಲ. ಗುಜರಾತಿ ಲಿಪಿಯಲ್ಲಿ ಎ-ಏ, ಒ-ಓ ಎಂಬ ಹ್ರಸ್ವದೀರ್ಘಗಳಿಗೆ ಬೇರೆ ಬೇರೆ ಅಕ್ಷರಗಳಿಲ್ಲ, ಹಿಂದಿಯಲ್ಲೂ ಇಲ್ಲ. ಅವಳು ಶಾಲೆಯಲ್ಲಿ ಕಲಿತ ಒಂದೇ ಓಕಾರವನ್ನು ಒತ್ತಿದಳು. ನಮಗಾದರೋ ಇದು ಜೀವದ ಭೇದ. ಕೊಡುವುದು ಬೇರೆ, ಕೋಡು ಬೇರೆ. ಬೆಳೆ ಹೊಲದಲ್ಲಿರುವುದು, ಬೇಳೆ ಡಬ್ಬಿಯಲ್ಲಿರುವುದು. ಕೊಳದಲ್ಲಿ ನೀರು ತುಂಬುತ್ತಾರೆ, ಕೋಳವನ್ನು ಕೈಗೆ ತೊಡಿಸುತ್ತಾರೆ. ಹಳೆಯ ಶಾಸನಗಳನ್ನು ಓದುವವರನ್ನು ಕೇಳಿದರೆ ಅಲ್ಲಿಯೂ ಈ ಭೇದವನ್ನು ಬರವಣಿಗೆಯಲ್ಲಿ ಸಾಮಾನ್ಯವಾಗಿ ತೋರಿಸುತ್ತಿರಲಿಲ್ಲ ಎನ್ನುತ್ತಾರೆ. ಆದರೆ ಆಗ ಓದುವವನ ಕಿವಿಯಲ್ಲಿ ಕನ್ನಡವಿತ್ತು. ಕಣ್ಣು ಬಿಟ್ಟದ್ದನ್ನು ಕಿವಿ ತುಂಬಿಕೊಳ್ಳುತ್ತಿತ್ತು. ಕಿವಿಯ ಆಸರೆ ಕಡಿಮೆಯಾಗಿರುವ ನಮ್ಮ ಮಕ್ಕಳಿಗೆ ಬರಹವೇ ಈ ಭೇದವನ್ನು ಹೇಳಿಕೊಡಬೇಕು.

ಇನ್‌ಸ್ಕ್ರಿಪ್ಟಿನಲ್ಲಿ ಹ್ರಸ್ವ ಒಕಾರ ಇಲ್ಲವೆಂದಲ್ಲ, ಇದೆ. ಆದರೆ ಎಲ್ಲಿದೆ? ಎಲ್ಲ ಭಾರತೀಯ ಭಾಷೆಗಳಿಗೂ ಬೇಕಾದ ಏಕಾರ, ಓಕಾರಗಳಿಗೆ ಕೈ ಸದಾ ಕೂರುವ ನಡುಸಾಲಿನಲ್ಲಿ ಜಾಗ ಸಿಕ್ಕಿತು. ದಕ್ಷಿಣದವರಿಗಷ್ಟೇ ಬೇಕಾದ ಹ್ರಸ್ವಗಳಿಗೆ ಉಳಿದದ್ದು ಮೂಲೆ. ಎಕಾರ ಕೆಳಸಾಲಿನ ಎಡತುದಿಯ ‘ಜೆಡ್’ ಕೀಲಿಯಲ್ಲಿ. ಒಕಾರ ಇನ್ನೂ ದೂರ, ಮೇಲ್ಸಾಲಿನಲ್ಲಿ ಒಂದು ಅಂಕಿಯ ಎಡಕ್ಕಿರುವ ಮೂಲೆಯ ಕೀಲಿಯಲ್ಲಿ. ಒಂದೇ ಸ್ವರದ ಹ್ರಸ್ವ ಒಂದು ಊರಲ್ಲಿ, ದೀರ್ಘ ಇನ್ನೊಂದು ಊರಲ್ಲಿ.

ಈಗ ನಮ್ಮ ಸಣ್ಣ ಹಲಗೆಗೆ ಬನ್ನಿ. ಗಾತ್ರ ಕಡಿಮೆ ಮಾಡಲು ಮೇಲಿನ ಸಾಲನ್ನು ತೆಗೆದರಲ್ಲ, ಆ ಸಾಲಿನಲ್ಲಿದ್ದ ಎಸ್ಕೇಪ್ ಕೀಲಿಗೆ ಒಂದು ಮನೆ ಬೇಕಾಯಿತು. ಅದನ್ನು ಒಂದು ಅಂಕಿಯ ಎಡಕ್ಕೆ ತಂದು ಕೂರಿಸಿದರು. ಅಂದರೆ ಸರಿಯಾಗಿ ನಮ್ಮ ಒಕಾರದ ತಲೆಯ ಮೇಲೆ! ಬ್ರಿಟಿಷ್ ಹಲಗೆಯಲ್ಲೂ ಅಷ್ಟೆ, ಅಮೆರಿಕನ್ ಹಲಗೆಯಲ್ಲೂ ಅಷ್ಟೆ. ‘ಕೊ’ ಎಂದು ಹೊಡೆಯಲು ‘ಎಫ್‌ಎನ್’ ಎಂಬ ಸಹಾಯಕ ಕೀಲಿಯನ್ನು ಹಿಡಿದು ಎಸ್ಕೇಪ್ ಒತ್ತಬೇಕು. ‘ಒಂದು’ ಎಂಬ ಪದದ ಮೊದಲಕ್ಷರಕ್ಕೆ ಅದರ ಜೊತೆ ಷಿಫ್ಟನ್ನೂ ಹಿಡಿಯಬೇಕು. ಕನ್ನಡದಲ್ಲಿ ಒಂದು ಎಂದು ಬರೆಯಲು ಮೂರು ಬೆರಳು! ಇಂಗ್ಲಿಷಿನವನಿಗೆ ವರ್ಷಕ್ಕೊಮ್ಮೆ ಬೇಕಾಗುವ ಗುರುತೊಂದನ್ನು ಒಳಗೆ ಸರಿಸಿದರು. ಆ ಗುರುತಿನ ಕೆಳಗೆ ನಮ್ಮ ಒಂದು ಸ್ವರ ಮಲಗಿತ್ತೆಂಬುದು ಅವರಿಗೆ ಹೇಗೆ ಗೊತ್ತಾಗಬೇಕು? ಅಮೆರಿಕನ್ನೋ ಬ್ರಿಟಿಷೋ ಎಂದು ಹೊರಟ ನಮಗೆ ನಿಜವಾದ ಆಯ್ಕೆ ಬೇರೆಯೇ ಇದೆಯೆಂದು ತಿಳಿದದ್ದು ಈ ಗಳಿಗೆಯಲ್ಲಿ.

ಮೂರನೆಯ ಜೋಡಣೆ ಕೆ. ಪಿ. ರಾವ್ ಅವರದು. ಮಂಗಳೂರಿನ ಬಳಿಯ ಕಿನ್ನಿಕಂಬಳದಲ್ಲಿ 1940ರಲ್ಲಿ ಹುಟ್ಟಿದ ಪದ್ಮನಾಭ ರಾಯರು ನಮ್ಮಂತೆಯೇ ಪಶ್ಚಿಮದ ರೈಲು ಹತ್ತಿ ಮುಂಬಯಿ ಸೇರಿದವರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದು, ಮುಂದೆ ಮುದ್ರಣದ ಅಕ್ಷರಜೋಡಣೆಯ ಕ್ಷೇತ್ರದಲ್ಲಿ ನುರಿತರು. ಅವರ ಕನ್ನಡ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನಿಟ್ಟು ‘ಸೇಡಿಯಾಪು’ ಎಂದು ಕರೆದು, ಬೇಕೆಂದವರಿಗೆಲ್ಲ ಉಚಿತವಾಗಿ ಕೊಟ್ಟರು. ಇದೇ ಜೋಡಣೆಯ ಆಧಾರದ ಮೇಲೆ ಕರ್ನಾಟಕ ಸರಕಾರ ಕನ್ನಡ ಕೀಲಿಮಣೆಯ ಶಿಷ್ಟತೆಯನ್ನು ಗೊತ್ತುಮಾಡಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದಿಂದ ಅದು ಊರೂರಿನ ಕಚೇರಿಗಳಿಗೆ ಹಬ್ಬಿತು.

ರಾಯರ ಉಪಾಯ ಬಹಳ ಸರಳ. ಇಂಗ್ಲಿಷಿನ 26 ಕೀಲಿಗಳನ್ನು ಬಿಟ್ಟು ಹೊರಗೆ ಹೋಗಕೂಡದು. ‘ಕೆ’ ಒತ್ತಿದರೆ ಕ, ಷಿಫ್ಟ್ ಹಿಡಿದು ಒತ್ತಿದರೆ ಖ. ‘ಎಮ್’ ಮ, ‘ಎಲ್’ ಲ. ಆದ್ದರಿಂದ ಕಮಲಕ್ಕೆ ‘ಕೆ, ಎಮ್, ಎಲ್’ ಮೂರೇ. ವ್ಯಂಜನದಲ್ಲಿ ಅಕಾರ ತಾನಾಗಿಯೇ ಇರುತ್ತದೆ. ಬೇರೆ ಸ್ವರ ಬೇಕಾದರೆ ಮುಂದೆ ಒತ್ತುವುದು, ಒತ್ತಕ್ಷರ ಬೇಕಾದರೆ ನಡುವೆ ‘ಎಫ್’ ಎಂಬ ಕೊಂಡಿಯನ್ನು ಹಾಕುವುದು. ‘ಕನ್ನಡ’ ಎನ್ನಲು ‘ಕೆ, ಎನ್, ಎಫ್, ಎನ್, ಡಬ್ಲ್ಯೂ’ ಎಂದು ಐದು ಒತ್ತು. ಇನ್‌ಸ್ಕ್ರಿಪ್ಟಿನಲ್ಲೂ ಐದೇ, ಇಂಗ್ಲಿಷ್ ಕಾಗುಣಿತದಲ್ಲಿ ಬರೆದರೆ ಏಳು. ಅಕ್ಷರ ಕನ್ನಡದ ಕ್ರಮದಲ್ಲಿಯೇ ಹುಟ್ಟುತ್ತದೆ. ಕೀಲಿಯ ಹೆಸರು ಮಾತ್ರ ಇಂಗ್ಲಿಷಿನಿಂದ ಸಾಲ ತಂದದ್ದು. ಟಕಾರಕ್ಕೆ ‘ಕ್ಯೂ’, ಡಕಾರಕ್ಕೆ ‘ಡಬ್ಲ್ಯೂ’ ಎಂಬಂಥ ಒಂದಿಷ್ಟನ್ನು ಬಾಯಿಪಾಠ ಮಾಡಬೇಕು, ಅದು ನಿಜ.

ಆದರೆ ನಮ್ಮ ಸಭೆಯ ಮನಸ್ಸನ್ನು ಗೆದ್ದದ್ದು ಕೀಲಿಗಳ ಲೆಕ್ಕವಲ್ಲ. ಇಲ್ಲಿ ‘ಒ’ ಎಂಬುದು ‘ಓ’ ಕೀಲಿಯ ಸಾದಾ ಒತ್ತು, ‘ಓ’ ಎಂಬುದು ಅದೇ ಕೀಲಿಯ ಷಿಫ್ಟ್ ಒತ್ತು. ಎ-ಏ ಒಂದು ಕೀಲಿ, ಇ-ಈ ಒಂದು ಕೀಲಿ, ಉ-ಊ ಒಂದು ಕೀಲಿ, ಅ-ಆ ಒಂದು ಕೀಲಿ. ಹ್ರಸ್ವ ತಮ್ಮ, ದೀರ್ಘ ಅಣ್ಣ, ಇಬ್ಬರೂ ಒಂದೇ ಮನೆಯಲ್ಲಿ. ಪ್ರತಿ ಸಲ ‘ಕೊ’ ಬರೆಯುವಾಗಲೂ ಮಗು ‘ಇದು ಗಿಡ್ಡವೋ ಉದ್ದವೋ’ ಎಂದು ಕೇಳಿಕೊಳ್ಳಲೇಬೇಕು. ಷಿಫ್ಟ್ ಒತ್ತಲೋ ಬೇಡವೋ ಎಂಬುದು ಆ ಪ್ರಶ್ನೆಯೇ. ಶಾಲೆಯಲ್ಲಿ ನಮ್ಮ ಮೇಷ್ಟರು ಬೆತ್ತ ಹಿಡಿದು ಕಲಿಸಿದ ಹ್ರಸ್ವದೀರ್ಘವನ್ನು ಈ ಹಲಗೆ ಸದ್ದಿಲ್ಲದೆ ಕಲಿಸುತ್ತದೆ. ಅದೂ ಅಲ್ಲದೆ 26 ಅಕ್ಷರಗಳನ್ನು ಬಿಟ್ಟ ಹಲಗೆ ಲೋಕದಲ್ಲಿಲ್ಲ. ಎಷ್ಟು ಸಣ್ಣದಾದರೂ, ಯಾವ ದೇಶದಿಂದ ಬಂದರೂ, ಅದರೊಳಗೆ ಕನ್ನಡ ಪೂರ್ತಿಯಾಗಿ ಹಿಡಿಯುತ್ತದೆ.

ನಾಲ್ಕನೆಯದಕ್ಕೂ ನ್ಯಾಯ ಸಲ್ಲಬೇಕು. 1998ರಲ್ಲಿ ಅಮೆರಿಕದಲ್ಲಿದ್ದ ಶೇಷಾದ್ರಿವಾಸು ಅವರು ‘ಬರಹ’ ತಂತ್ರಾಂಶವನ್ನು ಹೊರತಂದರು. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಉಚ್ಚಾರಕ್ಕೆ ತಕ್ಕಂತೆ ಬರೆದರೆ ಅದು ಕನ್ನಡ ಲಿಪಿಗೆ ತಿರುಗುತ್ತದೆ. ದೂರ ದೇಶಗಳಲ್ಲಿದ್ದ ಎಷ್ಟೋ ಕನ್ನಡಿಗರು ವರ್ಷಗಳ ಮೇಲೆ ಮತ್ತೆ ಕನ್ನಡದಲ್ಲಿ ಕಾಗದ ಬರೆದದ್ದು ಅದರಿಂದ. ಆ ಉಪಕಾರವನ್ನು ಮರೆಯಲಾಗದು. ಬರಹದ ನಿಯಮದಲ್ಲೂ ಹ್ರಸ್ವದೀರ್ಘಗಳಿಗೆ ಬೇರೆ ಬೇರೆ ಗುರುತುಗಳಿವೆ. ನಮ್ಮ ತಕರಾರು ಅದರ ಮೇಲಲ್ಲ, ಮೊಬೈಲುಗಳಲ್ಲಿ ಬಂದಿರುವ ಅದರ ಮರಿಗಳ ಮೇಲೆ. ಅವುಗಳಲ್ಲಿ ಮಕ್ಕಳು ಇಂಗ್ಲಿಷಿನಲ್ಲಿ ಹೇಗೋ ಒಂದಿಷ್ಟು ಅಕ್ಷರ ಒತ್ತುತ್ತಾರೆ. ಕೊಡುವೋ ಕೋಡೋ ಎಂಬುದನ್ನು ಯಂತ್ರವೇ ಊಹಿಸಿ ಮುಂದಿಡುತ್ತದೆ. ಬಲ್ಲವರು ಸರಿಯಾದುದನ್ನು ಆರಿಸಿಕೊಳ್ಳುತ್ತಾರೆ. ಕಲಿಯುವವರು ಮೊದಲಿಗೆ ಕಂಡದ್ದನ್ನು ಒತ್ತಿಬಿಡುತ್ತಾರೆ. ಅರಿತವರಿಗೆ ಅನುಕೂಲವಾದುದು ಅರಿಯುವವರಿಗೂ ಅನುಕೂಲವೆಂದು ಹೇಳಲಾಗದು.

ಇಷ್ಟಾದಮೇಲೆ ಮೊದಲ ಪ್ರಶ್ನೆಗೆ, ಎಂದರೆ ಲೆಸ್ಟರಿನದೋ ಅಮೆರಿಕದ್ದೋ ಎಂಬುದಕ್ಕೆ, ಉತ್ತರ ತಾನಾಗಿಯೇ ದೊರೆಯಿತು. ರಾಯರ ಜೋಡಣೆಯಲ್ಲಿ ಷಿಫ್ಟಿನ ಕೆಲಸ ಹೆಚ್ಚು. ಈ, ಊ, ಓ, ಅನುಸ್ವಾರ, ಣ, ಳ ಇವೆಲ್ಲ ಬಲಗೈ ಬೆರಳಿನ ಕೀಲಿಗಳಲ್ಲಿ ಷಿಫ್ಟಿನ ಮೇಲಿವೆ. ಬಲಗೈ ಅಕ್ಷರ ಒತ್ತುವಾಗ ಎಡಗೈಯ ಕಿರುಬೆರಳು ಷಿಫ್ಟ್ ಹಿಡಿಯಬೇಕು. ಬ್ರಿಟಿಷ್ ಹಲಗೆಯಲ್ಲಿ ಆ ಷಿಫ್ಟು ಮೊಟಕು. ಮಗುವಿನ ಕಿರುಬೆರಳು ಪಕ್ಕದ ಹೆಚ್ಚುವರಿ ಕೀಲಿಯ ಮೇಲೆ ಬೀಳುತ್ತದೆ, ಅನುಸ್ವಾರದ ಬದಲು ಅಡ್ಡಗೆರೆಯೊಂದು ಹುಟ್ಟುತ್ತದೆ. ಮೂರು ಮಕ್ಕಳನ್ನು ಕೂರಿಸಿ ‘ನಾವು ಊರಿಂದ ಬಂದೆವು’ ಎಂದು ಹೊಡೆಸಿ ನೋಡಿದೆವು. ಮೂವರೂ ಬ್ರಿಟಿಷ್ ಹಲಗೆಯಲ್ಲಿ ತಡವರಿಸಿದರು. ಯೂರೋಪಿನ ಭಾಷೆಗಳಿಗೆ ವರವಾದ ಕೀಲಿ ನಮ್ಮ ಮಕ್ಕಳಿಗೆ ಎಡವುಗಲ್ಲಾಯಿತು. ಅಮೆರಿಕನ್ ಮಾದರಿಯ 61 ಕೀಲಿಯ ನಾಲ್ಕು ಹಲಗೆಗಳನ್ನು ಕೊಳ್ಳುವುದೆಂದು, ಮಕ್ಕಳಿಗೆ ಕೆ. ಪಿ. ರಾವ್ ಜೋಡಣೆಯನ್ನು ಕಲಿಸುವುದೆಂದು ಠರಾವಾಯಿತು. ಲೆಸ್ಟರಿನ ಹಲಗೆಯನ್ನು ಪ್ರೀತಿಯ ಕುರುಹಾಗಿ ಸಂಘದ ಲೆಕ್ಕಪತ್ರದ ಕೆಲಸಕ್ಕೆ ಇಟ್ಟುಕೊಂಡಿದ್ದೇವೆ. ಅಂಕಿ ಬರೆಯಲು ಅದರಿಂದ ತೊಂದರೆಯಿಲ್ಲ.

ಈ ನಿರ್ಧಾರದಲ್ಲಿ ನಷ್ಟವೇ ಇಲ್ಲವೆಂದು ನಾವು ಹೇಳುವುದಿಲ್ಲ. ಹುಡುಗಿಯ ಬೆರಳಿಗೆ ಗುಜರಾತಿಯಿಂದ ಪುಕ್ಕಟೆಯಾಗಿ ಬಂದಿದ್ದ ಕನ್ನಡವನ್ನು ಪಕ್ಕಕ್ಕಿಟ್ಟು ಹೊಸದನ್ನು ಕಲಿಸಹೊರಟಿದ್ದೇವೆ. ಅಕ್ಕತಂಗಿ ಲಿಪಿಗಳು ಒಂದೇ ಕೀಲಿಯಲ್ಲಿ ಕೈಹಿಡಿದು ಕೂರುವ ಆ ಚೆಲುವು ಇದರಲ್ಲಿಲ್ಲ. ಆದುದರಿಂದ ಸಂಘದ ಹಳೆಯ ಉದ್ದನೆಯ ಹಲಗೆಯನ್ನು ಮಾರಬಾರದೆಂದೂ, ಗುಜರಾತಿ ಟೈಪಿಂಗ್ ಬಲ್ಲ ಮಕ್ಕಳು ಅದರ ಮೇಲೆ ಇನ್‌ಸ್ಕ್ರಿಪ್ಟಿನಲ್ಲಿಯೇ ಆರಂಭಿಸಲೆಂದೂ ಗೊತ್ತುಮಾಡಿದೆವು. ಅದರಲ್ಲಿ ಮೂಲೆಯ ಕೀಲಿ ತನ್ನ ಜಾಗದಲ್ಲಿಯೇ ಇದೆ. ಅದರ ಮೇಲೆ ಕೆಂಪು ಚೀಟಿಯಲ್ಲಿ ‘ಒ’ ಎಂದು ಬರೆದು ಅಂಟಿಸಿದ್ದೇವೆ.

ಮನೆಯಲ್ಲಿ ಯಾವುದನ್ನು ಬಳಸೋಣ ಎಂದು ಕೇಳುವ ಓದುಗರಿಗೆ ನಮ್ಮ ಸಲಹೆ ಇಷ್ಟೆ: ಹಲಗೆಯನ್ನು ನೋಡುವ ಮೊದಲು ಅದರ ಮುಂದೆ ಕೂರುವವರನ್ನು ನೋಡಿ. ಅನಂತ ಸುಬ್ಬರಾಯರ ಜೋಡಣೆ ಕಚೇರಿಯ ಬೆರಳಚ್ಚುಗಾರನಿಗಾಗಿ ಹುಟ್ಟಿತು. ಇನ್‌ಸ್ಕ್ರಿಪ್ಟ್ ಇಡೀ ದೇಶಕ್ಕಾಗಿ. ಬರಹ ಇಂಗ್ಲಿಷ್ ಕೈಗೆ ಒಗ್ಗಿದ ಕನ್ನಡಿಗನಿಗಾಗಿ. ಪ್ರತಿಯೊಂದೂ ತನ್ನವರಿಗೆ ಒಳ್ಳೆಯದನ್ನೇ ಮಾಡಿದೆ. ನಮ್ಮ ಮೇಜಿನ ಮುಂದೆ ಕೂರುವುದು ಮಾತು ಬಲ್ಲ, ಅಕ್ಷರ ಬಾರದ, ಹ್ರಸ್ವದೀರ್ಘ ಮಸುಕಾಗುತ್ತಿರುವ ಒಂದು ಮಗು. ಆ ಮಗುವಿಗೆ ಯಾವುದು ಒಳ್ಳೆಯದೋ ಅದೇ ನಮಗೆ ಬೇಕಾದುದು. ಒಂದು ಮಾತು ನೆನಪಿರಲಿ: ಜೋಡಣೆ ಬೇರೆ, ಸಂಕೇತ ಬೇರೆ. ಯಾವ ಜೋಡಣೆಯಲ್ಲಿ ಹೊಡೆದರೂ ಯೂನಿಕೋಡಿನಲ್ಲಿ ಉಳಿಸಿಕೊಳ್ಳಿ. ಹಳೆಯ ಅಚ್ಚುಗಳಲ್ಲಿ ಹೊಡೆದಿಟ್ಟ ನಮ್ಮ ಪತ್ರಿಕೆಯ ಎಷ್ಟೋ ಲೇಖನಗಳು ಇಂದು ತೆರೆದರೆ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತಿವೆ. ಅವನ್ನು ಪರಿವರ್ತಿಸುವ ಕೆಲಸ ನಡೆದಿದೆ.

ದಸರೆಯ ಮುನ್ನಿನ ಭಾನುವಾರ ಹೊಸ ಹಲಗೆಗಳು ಬಂದವು. ಅಜ್ಜಿ ಈ ಸಲ ಅಡುಗೆಮನೆಯ ಬಾಗಿಲಲ್ಲಿ ನಿಲ್ಲದೆ ಮೊಮ್ಮಗಳ ಪಕ್ಕದಲ್ಲಿಯೇ ಕುಳಿತು, ‘ಈಗ ಹೊಡಿ, ನೀರು ಕೊಡು’ ಎಂದರು. ಹುಡುಗಿ ನಿಧಾನವಾಗಿ ಹೊಡೆದಳು. ‘ಓ’ ಕೀಲಿಯ ಬಳಿ ಬಂದಾಗ ಎಡಗೈ ಷಿಫ್ಟಿನ ಕಡೆಗೆ ಹೊರಟು, ಅರ್ಧದಲ್ಲಿ ನಿಂತು, ಹಿಂದಕ್ಕೆ ಬಂತು. ‘ನೀರು ಕೊಡು’ ಎಂದೇ ಮೂಡಿತು. ಅಜ್ಜಿ ಏನೂ ಹೇಳದೆ ಎದ್ದು ಹೋಗಿ ಒಂದು ಲೋಟ ನೀರು ತಂದು ಅವಳ ಮುಂದಿಟ್ಟರು.

ತರಗತಿ ಪ್ರತಿ ಭಾನುವಾರ ನಡೆಯುತ್ತಿದೆ. ಅಹಮದಾಬಾದು, ವಡೋದರಾದ ಬಂಧುಗಳು ತಮ್ಮಲ್ಲಿ ಮಕ್ಕಳು ಯಾವ ಜೋಡಣೆಯಲ್ಲಿ ಬರೆಯುತ್ತಾರೆಂದು ನಮಗೆ ತಿಳಿಸಬೇಕೆಂದು ವಿನಂತಿ. ಕಾಗದವನ್ನು ಕೈಯಲ್ಲಿ ಬರೆದರೂ ಸಂತೋಷವೇ. ಹ್ರಸ್ವದೀರ್ಘ ಮಾತ್ರ ನೋಡಿ ಬರೆಯಿರಿ.